ರೋಷನ ಎಲ್ಲೂ ಹೋಗಿಲ್ಲ

ಮಂಗೇಶ: ಶೇಕಡಾ ಇನ್ನೂರಾ? ತಲೆ ಸರಿ ಇದ್ಯಾ ಮಾರಾಯ್ತಿ? ನೂರು ಜನರಲ್ಲಿ ಇನ್ನೂರು ಜನ ಕೆಲಸ ಬಿಡೂದು ಹ್ಯಾಂಗೆ?

ವೈಜಯಂತಿ: ನೂರು ಎಲ್ಲಿದ್ದಾರೆ ಸಾಹೇಬ್ರೆ? ಇರೂದು ಹದಿನೆಂಟು. ವರ್ಷದಲ್ಲಿ ಬಿಟ್ಟವರು ಮೂವತ್ತಾರು. ಇದ್ದವರು ಹೋದ್ರು, ಅವರ ಜಾಗಕ್ಕೆ ಬಂದವರೂ ಹೋದ್ರು.

ಕಾರವಾರದ ಕಡಲಂಚಿನಲ್ಲಿರುವ ರೆಸಾರ್ಟಿನ ಆಫೀಸು. ಮಾಲೀಕ ಮಂಗೇಶ ಫ್ಯಾನಿನ ಕೆಳಗೂ ಬೆವರುತ್ತಿದ್ದ. ಎದುರಿಗೆ ಗುಮಾಸ್ತೆ, ಅವಳ ಮೇಜಿನ ಮೇಲಿದ್ದ ಹಲಗೆಯಲ್ಲಿ 'ವೈಜಯಂತಿ' ಎಂದಿತ್ತು. ಗೋವಾದ ಪ್ರವಾಸಿ ಕಂಪನಿಯೊಂದು ವರ್ಷವಿಡೀ ಅತಿಥಿಗಳನ್ನು ಕಳಿಸಲು ಒಪ್ಪಿತ್ತು. ಷರತ್ತು ಒಂದೇ: ಕೆಲಸ ಬಿಡುವವರು ಶೇಕಡಾ ಹತ್ತು ದಾಟಬಾರದು. ಉತ್ತರ ಇವತ್ತೇ ಹೋಗಬೇಕಿತ್ತು.

ಮಂಗೇಶ: ಸೊನ್ನೆ ಅಂತ ಬರಿ. ನಮ್ಮಲ್ಲಿ ಯಾರು ಬಿಟ್ಟಿದ್ದಾರೆ? ರೂಪೇಶ ಇದ್ದಾನೆ, ರೋಷನ ಇದ್ದಾನೆ...

ವೈಜಯಂತಿ: ಯಾವ ರೋಷನ?

ಮಂಗೇಶ: ಬಾಗಿಲಲ್ಲಿ ನಿಂತಿದ್ದಾನಲ್ಲ! ಅಂಗಿ ಮೇಲೆ ದೊಡ್ಡದಾಗಿ ಹೆಸರಿದೆ.

ವೈಜಯಂತಿ: ಅಂವ ಐದನೇ ರೋಷನ. ಅಗಸೂರಿನವ, ಖರೆ ಹೆಸರು ಹುಲಿಯಾ. ಮೊದಲನೇ ರೋಷನ ಹೋಗುವಾಗ ನೀವು ಅಂಗಿ ಬಿಚ್ಚಿಸಿಕೊಂಡ್ರಿ.

ಮಂಗೇಶ: ಹೆಸರು ಹೊಲಿಸೂಕೆ ಖರ್ಚಾಗೂದಿಲ್ವಾ? ಜನ ಹೋದ್ರು ಅಂತ ಅಂಗಿನೂ ಯಾಕೆ ಕಳಿಸ್ಬೇಕು?

ವೈಜಯಂತಿ: ಹಾಂಗಾದ್ರೆ 'ನಮ್ಮ ಒಂದು ಅಂಗಿಯೂ ಕೆಲಸ ಬಿಟ್ಟಿಲ್ಲ' ಅಂತ ಬರೀತೆ.

ಮಂಗೇಶ: ಬಾಯಿ ಜಾಸ್ತಿ ಆಯ್ತು ನಿಂದು. ರೋಷನಾ! ಏ ರೋಷನಾ!

ಬಾಗಿಲಲ್ಲಿದ್ದವನು ಅತ್ತಿತ್ತ ನೋಡಿದ. ಮೂರನೇ ಕೂಗಿಗೆ ತನ್ನ ಎದೆಯ ಮೇಲಿನ ಅಕ್ಷರ ಓದಿಕೊಂಡು ಒಳಗೆ ಬಂದ.

ಮಂಗೇಶ: ನೋಡು, ಬಂದ್ನಲ್ಲ!

ಹುಲಿಯಾ: ನಾನೇ ಬರೂವನಿದ್ದೆ ಸಾಹೇಬ್ರೆ. ಸೋಮವಾರದಿಂದ ಕೆಲಸಕ್ಕೆ ಬರೂದಿಲ್ಲ. ಅಂಗಿ ತೊಳೆದು ಕೊಡ್ತೆ.

ಅವನು ಹೊರಟ. ಮಂಗೇಶನಂಥ ಮನುಷ್ಯನಿಗೆ ಇಷ್ಟಕ್ಕೆಲ್ಲ ನಾಚಿಕೆಯಾಗುವುದುಂಟೇ? ಮಂಗೇಶ ಕಾಗದವನ್ನು ಅವಳತ್ತ ತಳ್ಳಿದ.

ಮಂಗೇಶ: ಸೊನ್ನೆ ಬರೆದು ಸಹಿ ಹಾಕು. ಎಂಟು ವರ್ಷದಿಂದ ಇಲ್ಲಿದ್ದೀಯಲ್ಲ, ಗೋವಾದವರಿಗೆ ನಿನ್ನನ್ನೇ ತೋರಿಸ್ತೆ.

ವೈಜಯಂತಿ: ಸಹಿ ಹಾಕೂಕೆ ಆಗೂದಿಲ್ಲ.

ಮಂಗೇಶ: ಎಂತಕ್ಕೆ?

ವೈಜಯಂತಿ: ವೈಜಯಂತಕ್ಕನ ಸಹಿ ನಾ ಹ್ಯಾಂಗೆ ಹಾಕೂದು? ಅವರು ಕೆಲಸ ಬಿಟ್ಟು ಮೂರು ವರ್ಷ ಆಯ್ತು. ನಾನು ದೀಕ್ಷಾ. ಬಂದ ದಿನವೇ ಹೇಳಿದ್ದೆ. ನೀವು ಮೊಬೈಲ್ ನೋಡ್ತಾ ಹೂಂ ಅಂದ್ರಿ.

ಮಂಗೇಶ ಮೊದಲ ಬಾರಿಗೆ ಅವಳ ಮುಖ ನೋಡಿದ.

ಮಂಗೇಶ: ಗಲ್ಲದ ಮೇಲೆ ಮಚ್ಚೆ ಇತ್ತಲ್ಲ?

ದೀಕ್ಷಾ: ಅದನ್ನ ಅವರು ಹೋಗುವಾಗ ತಕಂಡು ಹೋದ್ರು. ಅದೊಂದು ನಿಮಗೆ ಬಿಚ್ಚಿಸಿಕೊಳ್ಳೂಕೆ ಆಗ್ಲಿಲ್ಲ.

ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

ಮಂಗೇಶ: ನೀನೂ ಹೊರಟ್ಯಾ? ಗೋವಾದವರಿಗೆ ಏನು ಹೇಳ್ಲಿ?

ದೀಕ್ಷಾ: ಬೇರೆಯವರ ಹೆಸರಿಗೆ ಓಗೊಟ್ಟು ಸಾಕಾಯ್ತು ಸಾಹೇಬ್ರೆ. ಅಂಕೋಲೆಯಲ್ಲಿ ಕೆಲಸ ಸಿಕ್ಕಿದೆ. ಹೆದರಬೇಡಿ, ನಿಮ್ಮ ಸೊನ್ನೆ ಕೆಡೂದಿಲ್ಲ.

ಹಲಗೆ ಎತ್ತಿ ಅವನ ಮುಂದಿಟ್ಟಳು.

ದೀಕ್ಷಾ: ನಾಳೆಯಿಂದ ನೀವೇ ವೈಜಯಂತಿ.