ಹಾಲಿನ ಕ್ಯಾನು ಕಟ್ಟಿಕೊಂಡು ರೇಸಿಗೆ ಹೋದದ್ದು

ಅಪ್ಪ ವಯಸ್ಸಿನಲ್ಲಿದ್ದಾಗ ಸೈಕಲ್ ರೇಸಿನಲ್ಲಿ ಗೆದ್ದ ಕಪ್ಪು ನಮ್ಮ ಮನೆಯಲ್ಲಿತ್ತು. ಅವ್ವ ಅದರಲ್ಲಿ ಬೆಳ್ಳುಳ್ಳಿ ಇಡುತ್ತಿದ್ದಳು. ನಮ್ಮೂರಿಗೆ ಎಸ್‌ಟಿಡಿ ಬೂತು ಬಂದ ವರ್ಷ, ಯುವಕರ ಸಂಘದವರು ದೇವಲಾಪುರದಿಂದ ನಾಗಮಂಗಲಕ್ಕೆ ಸೈಕಲ್ ರೇಸು ಇಟ್ಟರು. ನಮ್ಮೂರು ಆ ದಾರಿಯಲ್ಲೇ ಸಿಗುತ್ತದೆ. ಗೆಲ್ಲುವವನು ನಾನೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

“ಒಸಿ ಪ್ರಾಕ್ಟೀಸ್ ಮಾಡ್ಲಾ,” ಅಂದ ಅಪ್ಪ.

“ಯಾಕಪ್ಪಾ? ನಿನ್ ರಕ್ತ ಐತೆ. ದಿನಾ ಎರಡೊತ್ತು ಡೈರಿಗೆ ಹಾಲು ಹೊತ್ಕೊಂಡು ತುಳೀತಾವ್ನಿ. ಗೆದ್ರೆ ಇನ್ಮೇಲೆ ಹಾಲು ನೀನೇ ಹಾಕ್ಬೇಕು!”

“ಸೋತ್ರೆ?”

“ಸಾಯೋಗಂಟ ನಾನೇ ಹಾಕ್ತೀನಿ!”

ಸೋಲುವವರು ಯಾರು?

ರೇಸಿನ ಹಿಂದಿನ ದಿನ ಕ್ಯಾನು ಬಿಚ್ಚಿಟ್ಟು ಸೈಕಲ್ ಹತ್ತಿದೆ. ಹತ್ತು ಮಾರು ಹೋಗಿಲ್ಲ, ರಾಗಿ ಹೊಲದಲ್ಲಿದ್ದೆ. ಎದ್ದು ಮತ್ತೆ ಹತ್ತಿದೆ. ಮತ್ತೆ ಹೊಲ! ಆರು ವರ್ಷದಿಂದ ಎರಡು ಕಡೆ ಕ್ಯಾನು ನೇತುಹಾಕಿಕೊಂಡೇ ತುಳಿದವನು. ಖಾಲಿ ಸೈಕಲ್ಲು ನನ್ನ ಮಾತು ಕೇಳುತ್ತಿರಲಿಲ್ಲ.

ಅದಕ್ಕೇ ರೇಸಿನ ದಿನ ಎರಡೂ ಕ್ಯಾನಿಗೆ ನೀರು ತುಂಬಿ ಕಟ್ಟಿಕೊಂಡು ಹೋದೆ.

“ಏನ್ಲಾ, ದಾರೀಲಿ ಕಾಫಿ ಕಾಯಿಸ್ತೀಯಾ?” ಅಂತ ಜನ ಬಿದ್ದು ಬಿದ್ದು ನಕ್ಕರು.

ಸೀಟಿ ಊದಿದರು. ಸುಳ್ಳಲ್ಲ, ನಮ್ಮೂರು ಬರುವಷ್ಟರಲ್ಲಿ ನಾನೇ ಮುಂದೆ! ಅಪ್ಪನ ರಕ್ತ ಎರಡೂ ಕಾಲಲ್ಲಿ ಕುದಿಯುತ್ತಿತ್ತು.

ಆಗ ಡೈರಿ ಬಂತು. ನಾನೇನೂ ಮಾಡಲಿಲ್ಲ. ಹ್ಯಾಂಡಲ್ಲು ತಾನೇ ತಿರುಗಿತು. ಕಾಲು ತಾನೇ ಕೆಳಗಿಳಿಯಿತು. ಸ್ಟ್ಯಾಂಡ್ ಹಾಕಿ, ಕ್ಯಾನು ಇಳಿಸಿ, ಸಾಲಿನಲ್ಲಿ ನಿಂತ ಮೇಲೆ ನನಗೆ ರೇಸು ನೆನಪಾಯಿತು! ಅಷ್ಟರಲ್ಲಿ ಡೈರಿ ಸೆಕ್ರೆಟರಿ ನನ್ನ ಕ್ಯಾನಿನ ಮುಚ್ಚಳ ತೆಗೆದಿದ್ದರು.

“ಲೇ, ನೆನ್ನೆಗಂಟ ಒಸಿ ಹಾಲಾದ್ರೂ ಇರ್ತಿತ್ತಲ್ಲೋ!”

ಹೊರಗೆ ಒಂಬತ್ತು ಸೈಕಲ್ಲು ಬೆಲ್ಲು ಹೊಡೆಯುತ್ತಾ ಹೋದವು. ತಿರುಗಿ ನೋಡಿದರೆ, ಅವತ್ತೊಂದು ದಿನಕ್ಕೆ ಹಾಲು ಹಾಕಲು ಬಂದ ಅಪ್ಪ ಬಿಂದಿಗೆ ಹಿಡಿದು ನನ್ನ ಹಿಂದೆಯೇ ನಿಂತಿದ್ದ.

“ನನ್ ರಕ್ತ ಚೆನ್ನಾಗೇ ಓಡ್ತು ಕಣ್ಲಾ,” ಅಂದ. “ನಿನ್ ಪ್ರಾಕ್ಟೀಸೇ ನಿಲ್ಸ್‌ಬುಡ್ತು.” ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟು ಮನೆಗೆ ನಡೆದ.

ಅಪ್ಪ ಹೋಗಿ ಎರಡು ವರ್ಷ. ಕಪ್ಪಿನಲ್ಲಿ ಈಗಲೂ ಬೆಳ್ಳುಳ್ಳಿ ಇದೆ. ಸೈಕಲ್ ಹೋಗಿ ಮೊಪೆಡ್ ಬಂತು. ಮಾತಿಗೆ ತಪ್ಪಿಲ್ಲ, ಹಾಲು ನಾನೇ ಹಾಕುತ್ತೇನೆ. ಮೊನ್ನೆ, ಮದುವೆಯಾದ ಹೊಸದರಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ನಾಗಮಂಗಲಕ್ಕೆ ಸಿನಿಮಾಕ್ಕೆ ಹೊರಟೆ. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ.

“ಇಲ್ಲ್ಯಾಕ್ ನಿಲ್ಸುದ್ರಿ?” ಅಂದಳು.

ನೋಡಿದೆ. ಡೈರಿ ಮುಂದೆ ಸ್ಟ್ಯಾಂಡ್ ಹಾಕಿದ್ದೆ.

“ಹಾಲು...” ಅಂದೆ.