ಮಿಲಿಟರಿ ಹೋಟೆಲಿನ ಗಿಫ್ಟ್ ಕಾರ್ಡು

ಹೊಟ್ಟೆ ತುಂಬಿದ್ದರೂ ನಾಲಿಗೆ ಸುಮ್ಮನಿರಬೇಕಲ್ಲ, ಮುತ್ತುರಾಜನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಬಸವೇಶ್ವರನಗರದ ಅವರ ಬಡಾವಣೆಯ ಸಂಘದವರು ಕ್ರಿಸ್‌ಮಸ್ ರಜೆಯಲ್ಲಿ ಪಾರ್ಕು ರಿಪೇರಿಗೆಂದು ಆನ್‌ಲೈನ್ ಹರಾಜು ಇಟ್ಟಿದ್ದರು. ಮಾಲು ಅಂದರೆ ಸುತ್ತಮುತ್ತಲ ಹೋಟೆಲಿನವರು ದಾನ ಕೊಟ್ಟ ಗಿಫ್ಟ್ ಕಾರ್ಡುಗಳು. ಕೂಗುವವರ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ಆ ಧೈರ್ಯದ ಮೇಲೆ ಬೆಳಿಗ್ಗೆಯೇ ಒಂಬತ್ತನೇ ನಂಬರಿನ ಮುತ್ತುರಾಜ, ಕುರುಬರಹಳ್ಳಿಯ ಕೆಂಚಣ್ಣನ ಮಿಲಿಟರಿ ಹೋಟೆಲಿನ ಎರಡು ಸಾವಿರದ ಕಾರ್ಡಿಗೆ ಕೂಗಿದ. ಹದಿನಾಲ್ಕನೇ ನಂಬರಿನವರು ಯಾರೋ ಏರಿಸಿದರು. ಇವನೂ ಬಿಡಲಿಲ್ಲ. ಕೊನೆಗೆ ಇವನ ಸಾವಿರದ ಎಂಟುನೂರಕ್ಕೆ ಬಂದು ನಿಂತಿತು.

ಅವನಿದ್ದದ್ದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕಿದ್ದ ಬಾಡಿಗೆ ಮನೆಯಲ್ಲಿ. ಹತ್ತಾರು ಕಡೆ ನಿಜ ಹೇಳಿ ಮನೆ ಸಿಗದೆ, ಇಲ್ಲಿ ಓನರಮ್ಮ ಪುಟ್ಟಲಕ್ಷ್ಮಿಯವರ ಮುಂದೆ ಮೊಟ್ಟೆ ವಾಸನೆಗೇ ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿ ಸೇರಿಕೊಂಡಿದ್ದ. ಆಯಮ್ಮ ಹಿಂದಿನ ಬಾಡಿಗೆಯವರನ್ನು ಕಸದ ಬುಟ್ಟಿಯಲ್ಲಿ ಮೊಟ್ಟೆ ಸಿಪ್ಪೆ ಸಿಕ್ಕಿದ್ದಕ್ಕೇ ವಾರದೊಳಗೆ ಖಾಲಿ ಮಾಡಿಸಿದ್ದರು. ಅವರ ಯಜಮಾನರು ಶ್ರೀರಾಮ್, ರಿಟೈರ್ ಆದ ಮೇಷ್ಟ್ರು, ಹೆಂಡತಿಯ ಮುಂದೆ ಗಟ್ಟಿಯಾಗಿ ಕೆಮ್ಮುವವರೂ ಅಲ್ಲ. ಮುತ್ತುರಾಜನ ಮಗಳಿಗೆ ಪಕ್ಕದ ರಸ್ತೆಯ ಶಾಲೆಯಲ್ಲಿ ಆಗಷ್ಟೇ ಸೀಟು ಸಿಕ್ಕಿತ್ತು. ಈ ಮನೆ ಹೋದರೆ ಕತೆ ಮುಗಿದಂತೆಯೇ.

ಹನ್ನೊಂದು ಗಂಟೆಗೆ ಆಫೀಸಿನಿಂದ, ಹರಾಜು ನಡೆಸುತ್ತಿದ್ದ ಲತಾ ಆಂಟಿಗೆ ಏನೋ ನೆಪ ಮಾಡಿ ಫೋನು ಹಚ್ಚಿದ. ಆಕೆಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಐದಕ್ಕೆ ಹರಾಜು ಮುಗಿದ ಕೂಡಲೇ ಗೆದ್ದವರ ಫೋಟೋ, ಹೆಸರು, ಮನೆ ನಂಬರು ಎಲ್ಲ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರಂತೆ. ಸರ್‌ಪ್ರೈಸು, ಯಾರಿಗೂ ಹೇಳಬೇಡ ಅಂದರು. ಕೂಗಿದ್ದನ್ನು ವಾಪಸ್ ತಗೋಬಹುದಾ ಎಂದು ಕೇಳಿದ. ಕೂಗಿದ ಮೇಲೆ ಮುಗೀತು ಅಂದರು.

ಆ ಗ್ರೂಪಿನಲ್ಲಿ ಪುಟ್ಟಲಕ್ಷ್ಮಿಯವರು ಓದದೆ ಬಿಟ್ಟ ಮೆಸೇಜು ಒಂದೂ ಇಲ್ಲ. ಇನ್ನು ಯಾರಾದರೂ ತನಗಿಂತ ಹೆಚ್ಚಿಗೆ ಕೂಗಿದರೆ ಮಾತ್ರ ಮುತ್ತುರಾಜ ಉಳಿದ. ಆದರೆ ಹದಿನಾಲ್ಕನೇ ನಂಬರು ಉಸಿರೇ ಎತ್ತುತ್ತಿಲ್ಲ. ಪಕ್ಕದ ಸೀಟಿನ ನಾಣಿಗೆ ನೀನೇ ಕೂಗು ಗುರು ಎಂದು ಕೈ ಮುಗಿದ. ಬಡಾವಣೆಯ ಹೊರಗಿನವರಿಗೆ ಅವಕಾಶವಿರಲಿಲ್ಲ. ನಾಣಿ ಸುಮ್ಮನಿರದೆ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬ ಲೆಕ್ಕ ಹೇಳಿ ಇನ್ನಷ್ಟು ಹೆದರಿಸಿದ.

ನಾಲ್ಕೂ ಮುಕ್ಕಾಲಿಗೆ ಅವನಿಗೊಂದು ಉಪಾಯ ಹೊಳೆಯಿತು. ಹರಾಜಿನ ಪುಟದಲ್ಲಿ ಕಾರ್ಡಿನ ಕೆಳಗೆ, ಹೆಸರು ಹಾಕದೆ ಅಭಿಪ್ರಾಯ ಬರೆಯುವ ಜಾಗವಿತ್ತು. ಹದಿನಾಲ್ಕನೇ ನಂಬರಿನ ಬಾಯಲ್ಲಿ ನೀರೂರಲಿ ಎಂದು ಬರೆದ: ‘ಇಲ್ಲಿನ ಕೈಮ ಉಂಡೆ ಬಾಯಿಗಿಟ್ಟರೆ ಕರಗುತ್ತೆ. ಮುದ್ದೆ ಜೊತೆ ಕಾಲು ಸೂಪು ಎಷ್ಟು ಕೇಳಿದರೂ ಹಾಕ್ತಾರೆ.’ ಬರೆದು ಮನೆದೇವರನ್ನು ನೆನೆದ. ಐದಕ್ಕೆ ಎರಡು ನಿಮಿಷವಿರುವಾಗ ಹದಿನಾಲ್ಕನೇ ನಂಬರು ಎರಡು ಸಾವಿರದ ನೂರು ಕೂಗಿತು. ಎರಡು ಸಾವಿರದ ಕಾರ್ಡಿಗೆ ನೂರು ಜಾಸ್ತಿ. ಮುತ್ತುರಾಜನಿಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು.

ಬಸ್ಸಿನಲ್ಲಿ ಫೋನು ನೋಡುವ ಗೋಜಿಗೇ ಹೋಗಲಿಲ್ಲ, ಯಾರು ಗೆದ್ದರೆ ಅವನಿಗೇನು. ಮನೆಗೆ ಬಂದು ನೋಡಿದರೆ, ಮೆಟ್ಟಿಲ ಕೆಳಗೆ ಸ್ಕೂಟರಿನ ಹಿಂದೆ ಶ್ರೀರಾಮ್ ಮೇಷ್ಟ್ರು ಬೆವರುತ್ತಾ ಅವಿತು ಕೂತಿದ್ದಾರೆ. ಅವರು ಚಾಚಿದ ಫೋನಿನಲ್ಲಿ ಅವರದೇ ಫೋಟೋ, ಪಕ್ಕದಲ್ಲಿ ಒಂದು ತಟ್ಟೆ ಮಟನ್ ಚಾಪ್ಸು, ಮೇಲೆ ದಪ್ಪಕ್ಷರದಲ್ಲಿ ಅಭಿನಂದನೆಗಳು.

ಬೆಳಿಗ್ಗೆಯೇ ಮೇಷ್ಟ್ರು ಹರಾಜಿನ ಆಸೆ ಕೈಬಿಟ್ಟಿದ್ದರಂತೆ. ಯಾವನೋ ಪಾಪಿ ಕೈಮ ಉಂಡೆ ಅಂತ ಬರೆದನಂತೆ. ನಲವತ್ತು ವರ್ಷದಿಂದ ಅದುಮಿಟ್ಟ ಆಸೆ, ತಡೆಯಲಾಗಲಿಲ್ಲವಂತೆ. ಪುಟ್ಟಲಕ್ಷ್ಮಿ ಫೋನು ಮನೆಯಲ್ಲೇ ಬಿಟ್ಟು ದೇವಸ್ಥಾನಕ್ಕೆ ಹೋಗಿದ್ದಾರೆ, ಇನ್ನೇನು ಬರುವ ಹೊತ್ತು.

"ನನ್ನ ಫೋನು ಈಸ್ಕೊಂಡು ನೀನೇ ಕೂಗಿದ್ದು ಅಂತ ಹೇಳ್ಬಿಡಪ್ಪ," ಎಂದು ಪಿಸುಗುಟ್ಟಿದರು.

"ಸಾರ್, ಅಮ್ಮಾವ್ರು ನಾಳೆನೇ ಮನೆ ಖಾಲಿ ಮಾಡಿಸ್ತಾರೆ."

ಗೇಟಿನ ಚಿಲಕ ಸದ್ದಾಯಿತು. ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡರು.

"ಮಾಡಿಸ್ತಾಳೆ ಕಣಪ್ಪ. ನೀನು ಬಾಡಿಗೆಯವನು, ಇನ್ನೊಂದು ಮನೆ ನೋಡ್ಕೋತೀಯ. ನಾನೆಲ್ಲಿಗೆ ಹೋಗ್ಲಿ?"