ಪೆಟ್ಟಿಗೆ ಬಿಚ್ಚದ ಕಂದೀಲು

ಹೊಸಪೇಟೆಯಲ್ಲಿ ಬಿಸಿಲಿಗೆ ಬರವಿಲ್ಲ. ಆ ಬಿಸಿಲಿನಿಂದ ನಡೆಯುವ ಸಾಮಾನು ಮಾರಲು ಹೊರಟವಳ ಮನೆಯಲ್ಲಿ ನಗೆಪಾಟಲಿಗೂ ಬರವಿಲ್ಲ. ವಾರಕ್ಕೊಂದಾದರೂ ನಡೆಯುತ್ತದೆ. ನಡೆದ ದಿನ ಕಣ್ಣಲ್ಲಿ ನೀರು ಬರುತ್ತದೆ, ನಾಲ್ಕು ದಿನ ಬಿಟ್ಟು ಅದೇ ಮಾತಿಗೆ ನಗು ಬರುತ್ತದೆ.

ನಾನು ಓದಿದ್ದು ಹತ್ತನೇ ಕ್ಲಾಸು. ಹಂಪಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಅಂಗಡಿಯಿದೆ. ಬಾಳೆನಾರಿನ ಬುಟ್ಟಿ, ಮಣ್ಣಿನ ಬಾಟಲಿ, ನೆಟ್ಟರೆ ಗಿಡವಾಗುವ ಕಾಗದ, ಸೋಲಾರ್ ಕಂದೀಲು, ಸೋಲಾರ್ ಟೋಪಿ, ಹೀಗೆ ಪರಿಸರಕ್ಕೆ ಕೇಡು ಮಾಡದ ಉಡುಗೊರೆಗಳು ಅಲ್ಲಿ ಸಿಗುತ್ತವೆ. ಅಲ್ಲಿ ಮಾರಾಟದ ಕೆಲಸಕ್ಕೆ ಸೇರಿದಾಗ ನನ್ನ ಮಗಳಿಗೆ ಎಂಟು ತಿಂಗಳು. ಮದುವೆಯಾದ ಮೇಲೆ "ಇದು ಹೆಂಗ್ರಿ ನಡೀತದ, ಸ್ವಲ್ಪ ತಿಳಿಸಿ ಹೇಳ್ರಿ" ಎಂದು ನನ್ನನ್ನು ಯಾರಾದರೂ ಕೇಳಿದ ಮೊದಲ ಜಾಗ ಅದು. ಮನೆಯಲ್ಲಿ ನನ್ನನ್ನು ಕೇಳುತ್ತಿದ್ದದ್ದು ಒಂದೇ, ಸಾರಿಗೆ ಉಪ್ಪು ಹಾಕಿದೆಯಾ ಅಂತ.

ಅತ್ತೆಯ ಷರತ್ತು

ಕೆಲಸಕ್ಕೆ ಸೇರಿದ ಮೊದಲ ವಾರವೇ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೀರ್ಪು ಕೊಟ್ಟರು.

"ನೋಡವಾ, ಕೂಸನ್ನ ನಾ ನೋಡ್ಕಂತೀನಿ. ಅದಕ್ಕ ನಂದೇನೂ ತಕರಾರಿಲ್ಲ. ಆದ್ರ ಯಾರೂ ಬಳಸದ ಸಾಮಾನು ಮಾರಾಕ ದಿನಾ ಬಸ್ಸು ಹತ್ತೋದು ಒಂದು ಕೆಲಸಾನಾ? ಕಾರ್ತಿಕದಾಗ ಕೂಸಿನ ಜವಳ. ಅಷ್ಟೊತ್ತಿಗೆ ನಮ್ಮ ಮಂದಿಯೊಳಗ ಒಂದು ಮನಿಯವ್ರಾದ್ರೂ ಇದನ್ನ ದಿನಾ ಬಳಸಿದ್ರ ನೀ ಹೋಗು. ಇಲ್ಲಾಂದ್ರ ಕೂದಲು ತೆಗದ ಮರುದಿನ ಮನ್ಯಾಗ ಕುಂದ್ರು."

"ಹಂಗಾದ್ರ ನಿಮ್ಮಿಂದಲೇ ಶುರು ಮಾಡೋಣ್ರಿ" ಎಂದು ಯುಗಾದಿಗೆ ಅತ್ತೆಗೇ ಒಂದು ಸೋಲಾರ್ ಕಂದೀಲು ಕೊಟ್ಟೆ. ಮಗಳಿಗೆ ಆಗಷ್ಟೇ ಕೆಳಗೆ ಎರಡು ಹಲ್ಲು ಬಂದಿದ್ದವು. ಸಿಕ್ಕಿದ್ದನ್ನೆಲ್ಲ ಕಚ್ಚಿ ಪರೀಕ್ಷೆ ಮಾಡುತ್ತಿದ್ದವಳು ಪೆಟ್ಟಿಗೆಯ ಮೂಲೆಗೂ ಬಾಯಿ ಹಾಕಿದ್ದಳು. ಎರಡು ಪುಟ್ಟ ತಗ್ಗು ಬಿದ್ದಿದ್ದವು.

ಎರಡು ದಿನ ಬಿಟ್ಟು ಕೇಳಿದೆ, "ಅತ್ತೀ, ಕಂದೀಲು ಎಲ್ರಿ?"

"ಟ್ರಂಕಿನಾಗ ಐತಿ. ಭದ್ರ."

"ಅದು ಬಿಸಿಲಿಗಿಡೋ ಸಾಮಾನ್ರಿ."

"ಹೊಸಾದು. ಬಿಸಿಲಿಗಿಟ್ರ ಹಳೇದಾಗಲ್ಲೇನು?"

ನಮ್ಮ ಕಡೆ ಹೊಸ ವಸ್ತುವಿನ ಹಣೆಬರಹವೇ ಹಾಗೆ. ಉಡಿ ತುಂಬುವಾಗ ಕೊಡುವ ಕುಪ್ಪಸದ ಖಣವನ್ನು ಹೊಲಿಸಿ ತೊಟ್ಟವರನ್ನು ನಾನಂತೂ ನೋಡಿಲ್ಲ. ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಕೊಡುತ್ತಾರೆ. ನನ್ನ ಸೀಮಂತದಲ್ಲಿ ಬಂದಿದ್ದ ಗಿಳಿಹಸಿರು ಖಣವನ್ನು ನಾನೂ ಯಾರಿಗೋ ದಾಟಿಸಿದ್ದೆ. ಮಗಳ ತೊಟ್ಟಿಲ ದಿನ ಅದು ನನ್ನ ಉಡಿಗೇ ಬಂದು ಬಿತ್ತು. ನಾನಾದರೂ ಬಾಣಂತನಕ್ಕೆ ಒಂದೇ ಮನೆಗೆ ಹೋಗಿದ್ದೆ, ಅದು ಊರೆಲ್ಲ ಸುತ್ತಿ ಬಂದಿತ್ತು.

ಗಾಳಿ ಟೋಪಿ

ಅತ್ತೆಯ ಆಸೆ ಬಿಟ್ಟು ಮಾವನನ್ನು ಹಿಡಿದೆ. ಅವರಿಗೊಂದು ಸೋಲಾರ್ ಟೋಪಿ ತಂದುಕೊಟ್ಟೆ. ನೆತ್ತಿಯ ಮೇಲೆ ಅಂಗೈಯಗಲದ ಸೋಲಾರ್ ತಗಡು, ಮುಂದೆ ಹಣೆಗೆ ಗಾಳಿ ಬೀಸುವ ಪುಟ್ಟ ಫ್ಯಾನು. ಮಾವ ಖುಷಿಯಿಂದ ಹಾಕಿಕೊಂಡು ಬೇವಿನ ಮರದ ಕೆಳಗಿನ ಕಟ್ಟೆಗೆ ಹೋದರು. ಅರ್ಧ ತಾಸಿನಲ್ಲಿ ವಾಪಸ್.

"ಏನವಾ, ಇದು ಸತ್ತೈತಿ."

ಅಂಗಳದ ಬಿಸಿಲಿಗೆ ಕರೆದುಕೊಂಡು ಬಂದು ನಿಲ್ಲಿಸಿದೆ. ಫ್ಯಾನು ಗುಯ್ ಎಂದು ತಿರುಗಿತು. ಮಾವ ಕೂಸಿಗಿಂತ ಹೆಚ್ಚು ನಕ್ಕರು.

ಅವತ್ತಿನಿಂದ ಮಾವ ಕಟ್ಟೆಗೆ ಹೋಗುವುದನ್ನು ಬಿಟ್ಟು ನಡುಬೀದಿಯಲ್ಲಿ, ನಡುಮಧ್ಯಾಹ್ನ, ಸೂರ್ಯನಿಗೆ ತಲೆಯೊಡ್ಡಿ ನಿಲ್ಲತೊಡಗಿದರು. ಮರದ ಕೆಳಗಿಂದ ಗೆಳೆಯರು ಕೂಗಿದರು, "ಲೇ, ನೆಳ್ಳಿಗೆ ಬಾರಲೇ, ತಲಿ ತಿರುಗಿ ಬಿದ್ದೀ!"

ಮಾವ ಇಲ್ಲಿಂದಲೇ ಕೂಗಿದರು, "ನೆಳ್ಳಾಗ ಏನೈತಲೇ? ಗಾಳಿ ಎಲ್ಲಾ ಇಲ್ಲೈತಿ!"

ಮೂರನೇ ದಿನ ಮೈ ಕೆಂಡವಾಗಿ ಮಲಗಿದರು. ಅತ್ತೆ ಮಜ್ಜಿಗೆ ಕುಡಿಸಿ, ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಾ ನನ್ನ ಕಡೆ ನೋಡಿದರು.

"ನೋಡವಾ, ಈ ಬೀಸಣಿಕಿಗೆ ಬಿಸಿಲು ಬ್ಯಾಡ. ಹೆಂಡ್ತಿ ಒಬ್ಬಾಕಿ ಇದ್ರ ಸಾಕು."

ಸಾಹೇಬರ ಮಿಂಚುವ ಕಾಗದ

ಇದು ಅಂಗಡಿಯದು. ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಪ್ಲಾಸ್ಟಿಕ್ ಬೇಡ ಎನ್ನುವ ಒಂದು ಕಾರ್ಯಕ್ರಮವಂತೆ, ಅತಿಥಿಗಳಿಗೆ ಕೊಡಲು ಇಪ್ಪತ್ತು ಬಾಳೆನಾರಿನ ತಟ್ಟೆ ಬೇಕಂತೆ. ನಾನು ಹಳೇ ಪೇಪರಿನಲ್ಲಿ ಸುತ್ತಿ ನಾರಿನಿಂದ ಕಟ್ಟಲು ಹೋದೆ.

"ಛೇ, ಅದು ಶೋ ಬರಲ್ಲಮ್ಮ" ಎಂದು ಡ್ರೈವರಿಗೆ ಹೇಳಿ ಜೀಪಿನಿಂದ ಮಿಂಚುವ ಪ್ಲಾಸ್ಟಿಕ್ ಕಾಗದದ ಸುರುಳಿ ತರಿಸಿದರು. ಇಪ್ಪತ್ತನ್ನೂ ಸುತ್ತಿಕೊಟ್ಟೆ. ಒಂದನ್ನು ಎತ್ತಿ ಹಿಡಿದು, "ಈಗ ನೋಡಿ, ಎಷ್ಟು ಗ್ರ್ಯಾಂಡ್!" ಅಂದರು.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಹೌದ್ರಿ ಸರ್. ಒಳಗಿಂದು ಮಣ್ಣಾಗಿ ಹೋಗ್ತದ. ಹೊರಗಿಂದನ್ನ ನಿಮ್ಮ ಮರಿಮೊಮ್ಮಕ್ಕಳೂ ನೋಡಬಹುದು."

ಅಂಗಡಿ ನಡೆಸುವ ಅಕ್ಕ ಹಿಂದಿನಿಂದ ಚಿವುಟಿದರು. ಸಾಹೇಬರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ನಕ್ಕು, "ಎಲ್ಲಾ ಬಿಚ್ಚಿ ನಿಮ್ಮ ಪೇಪರಿನಲ್ಲೇ ಕಟ್ಟಮ್ಮ" ಅಂದರು. ಒಳ್ಳೆಯ ಮನುಷ್ಯ. ಆದರೆ ಇಪ್ಪತ್ತನ್ನೂ ಬಿಚ್ಚುವವಳು ನಾನೇ, ಮತ್ತೆ ಕಟ್ಟುವವಳೂ ನಾನೇ. ನಾಲಿಗೆ ಮಾಡಿದ ತಪ್ಪಿಗೆ ಅವತ್ತು ಬೆರಳುಗಳು ಜುಲ್ಮಾನೆ ಕಟ್ಟಿದವು.

ಮೊಳಕೆಯೊಡೆದ ಲಗ್ನಪತ್ರಿಕೆ

ಮಲಪನಗುಡಿಯಲ್ಲಿ ಅತ್ತೆಯ ಅಣ್ಣ ಇದ್ದಾರೆ. ಅವರ ಮಗಳ ಮದುವೆ ಬಂತು. ಬೀಜ ಸೇರಿಸಿ ಮಾಡಿದ ಕಾಗದದಲ್ಲಿ ಲಗ್ನಪತ್ರಿಕೆ ಮಾಡಿಸಿ ಎಂದು ನಾನು ಗಂಟುಬಿದ್ದೆ. ಓದಿ ಮುಗಿಸಿದ ಮೇಲೆ ಮಣ್ಣಿಗೆ ಹಾಕಿದರೆ ಗಿಡ ಬರುತ್ತದೆ. ಅವರು ಒಪ್ಪಿದರು.

ಹತ್ತು ದಿನಕ್ಕೆ, ಮದುವೆ ಕೆಲಸಕ್ಕೆಂದು ನಾನೂ ಅವರ ಮನೆಯಲ್ಲಿದ್ದಾಗ, ಬೀಗಿತ್ತಿಯ ಫೋನು ಬಂತು. ಗಂಡಿನ ತಾಯಿ, ದನಿ ಗಡುಸಾಗಿತ್ತು. "ಅಣ್ಣಾರ, ಪತ್ರಿಕಿನ ದೇವರ ಮುಂದ ಇಟ್ಟಿದ್ವಿ. ನಿಮ್ಮ ಹುಡುಗಿ ಹೆಸರಿನ ಮ್ಯಾಲೆ ಮೊಳಕಿ ಬಂದೈತಿ. ಏನು ಸಮಾಚಾರ?"

ಮಲಪನಗುಡಿ ಮಾವನ ಕೈಯಿಂದ ಫೋನು ಬೀಳುವುದೊಂದು ಬಾಕಿ. ನಾನು ಓಡಿಹೋಗಿ ಫೋನು ಕಸಿದುಕೊಂಡು ಕೇಳಿದೆ, ಪತ್ರಿಕೆಗೆ ನೀರು ಹಾಕಿದ್ದಿರೇನು ಅಂತ. ದಿನಾ ಪೂಜೆ ಮುಗಿದ ಮೇಲೆ ತೀರ್ಥ ಚಿಮುಕಿಸುತ್ತಿದ್ದರಂತೆ! ಅದು ಟೊಮೆಟೊ ಬೀಜ, ಗಂಡಿನ ಹೆಸರಿನ ಕೆಳಗೂ ಇವೆ, ಇನ್ನೆರಡು ದಿನ ತಡೆಯಿರಿ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತು. ಎರಡು ದಿನದಲ್ಲಿ ಗಂಡಿನ ಹೆಸರೂ ಚಿಗುರಿತು. ಶುಭಶಕುನ ಎಂದು ಬೀಗರು ಅದನ್ನು ಕುಂಡದಲ್ಲಿ ನೆಟ್ಟರು.

"ಅತ್ತೀ, ಒಂದು ಮನಿಯವ್ರು ಬಳಸಿದ್ರು ನೋಡ್ರಿ" ಅಂದೆ.

"ಅವ್ರು ಮದುವಿ ಆದ ಮ್ಯಾಲೆ ನಮ್ಮ ಮಂದಿ. ಮೊಳಕಿ ಬಂದಿದ್ದು ಮದುವಿಗೆ ಮುಂಚೆ. ಲೆಕ್ಕಕ್ಕಿಲ್ಲ."

ಮದುವೆಯ ದಿನ ಅತ್ತೆ ದೊಡ್ಡದೊಂದು ಚೀಲ ಎದೆಗವಚಿಕೊಂಡು ಹೋದರು. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಂಗಿ ತೊಟ್ಟ ಕಂದೀಲು

ಪಂಚಮಿಗೆ ನಾದಿನಿ ತವರಿಗೆ ಬಂದಳು. ಅವಳ ಗಂಡನಿಗೆ ಗಣಿಯಲ್ಲಿ ಕೆಲಸ, ದೋಣಿಮಲೈ ಕ್ವಾರ್ಟರ್ಸಿನಲ್ಲಿ ಮನೆ. ಅವಳಿಗೊಂದು ಕಂದೀಲು ಕೊಟ್ಟು, ದಿನಾ ಬಿಸಿಲಿಗಿಡು ಎಂದು ಮೂರು ಸಲ ಹೇಳಿ ಕಳಿಸಿದೆ. ತಿಂಗಳಾದ ಮೇಲೆ ಸಂಡೂರಿಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತಿ ನೋಡಲು ಹೋದೆ. ಕಂದೀಲು ಫ್ರಿಜ್ಜಿನ ಮೇಲೆ ಕೂತಿತ್ತು. ಅದಕ್ಕೆ ಬಿಳಿ ದಾರದಲ್ಲಿ ಹೆಣೆದ, ಅಂಚಿಗೆ ಝಾಲರು ಬಿಟ್ಟ ಅಂಗಿ.

"ಭಾಳ ಚೆಂದ ಐತಿ ಅತ್ತಿಗಿ, ಆದ್ರ ಒಂದಿನಾನೂ ಹತ್ತಿಲ್ಲ. ನಾನೂ ಶುಕ್ರಾರ ಶುಕ್ರಾರ ಪೂಜಿ ಮಾಡಾಕತ್ತೀನಿ."

ಅಂಗಿ ಎತ್ತಿ ನೋಡಿದೆ. ಸೋಲಾರ್ ತಗಡಿನ ಮೇಲೆ ಮೂರು ಪಟ್ಟಿ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ, ಅದರ ಮೇಲೊಂದು ಒಣಗಿದ ಚೆಂಡು ಹೂವು. ಸೂರ್ಯನಿಗೆ ಒಳಗೆ ಬರಲು ಸೂಜಿಯಷ್ಟು ದಾರಿಯಿಲ್ಲ. ತೊಳೆದು, ಒರೆಸಿ, ಹೊರಗಿನ ಕಟ್ಟೆಯ ಮೇಲಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಕಂದೀಲು ಅದಿರಿನ ಕೆಂಪು ಧೂಳು ಬಳಿದುಕೊಂಡಿತ್ತು. ನಾದಿನಿ ಅದನ್ನು ಮಗುವಿನಂತೆ ಎತ್ತಿಕೊಂಡು ಒರೆಸಿ ಮತ್ತೆ ಅಂಗಿ ತೊಡಿಸಿದಳು.

"ಬ್ಯಾಡ ಅತ್ತಿಗಿ. ಬೆಳಕು ಕೊಡದಿದ್ರ ಇರ್ಲಿ, ಬೆಳ್ಳಗಾದ್ರೂ ಇರ್ಲಿ."

ಕಂಪ್ಲಿಯ ಫೋನು

ಅತ್ತೆಯ ತಂಗಿ ಇರುವುದು ಕಂಪ್ಲಿಯಲ್ಲಿ. ನಮಗೆ ಚಿಕ್ಕತ್ತೆ. ದಸರೆಗೆ ಅವರಿಗೂ ಒಂದು ಕಂದೀಲು ಕಳಿಸಿದೆ. ವಾರದಲ್ಲಿ ಫೋನು ಬಂತು.

"ನಿನ್ನ ಕಂದೀಲು ಹತ್ತವಲ್ದು ನೋಡವಾ."

"ಬಿಸಿಲಿಗಿಟ್ಟಿದ್ರೇನು ಚಿಕ್ಕತ್ತೀ?"

"ದಿನಾ ಇಡ್ತೀನಿ. ಮಾಳಿಗಿ ಮ್ಯಾಲೆ, ಭತ್ತದ ಪಕ್ಕದಾಗ. ಕಾಗಿ ಬರಬಾರ್ದಂತ ಕಾಯ್ತೀನಿ."

"ಗುಂಡಿ ಒತ್ತಿದ್ರೇನು?"

"ಹೆಂಗ ಒತ್ತಲಿ? ಪೆಟ್ಟಿಗಿ ಒಳಗೈತಲ್ಲ."

"ಚಿಕ್ಕತ್ತೀ, ಪೆಟ್ಟಿಗಿ ಸಮೇತ ಬಿಸಿಲಿಗಿಡ್ತೀರೇನು?"

"ಮತ್ತ? ಅಷ್ಟು ಚೆಂದದ ಪೆಟ್ಟಿಗಿ ಯಾಕ ಹರೀಬೇಕು? ಮುಂದ ಒಂದು ಪ್ಲಾಸ್ಟಿಕ್ ಕಿಟಕಿ ಐತಲ್ಲ, ಸಂಜಿಕಿ ಅದರಾಗ ಇಣುಕಿ ನೋಡ್ತೀನಿ. ಕತ್ತಲ."

ಜವಳದ ದಿನ

ಕಾರ್ತಿಕ ಬಂದೇಬಿಟ್ಟಿತು. ನಮ್ಮಣ್ಣ ಸೋದರಮಾವನಾಗಿ ಮೊದಲ ಜುಟ್ಟು ಕತ್ತರಿಸಿದ. ಮಗಳು ಊರು ಒಂದು ಮಾಡುವಂತೆ ಅತ್ತು, ಬೋಳುತಲೆಗೆ ಗಂಧ ಹಚ್ಚಿಸಿಕೊಂಡು ಸುಮ್ಮನಾದಳು. ಹೋಳಿಗೆ ಊಟ ಮುಗಿಯಿತು. ಎಲ್ಲರೂ ಕೂಸಿನ ಮುಂದೆ ಉಡುಗೊರೆ ಇಡತೊಡಗಿದರು.

ಮೊದಲು ಚಿಕ್ಕತ್ತೆ. "ನಿಮ್ಮವ್ವಗ ಇಂಥಾವು ಭಾಳ ಇಷ್ಟ ಅಲ್ಲ ಕೂಸೇ" ಎಂದು ಒಂದು ಪೆಟ್ಟಿಗೆ ಇಟ್ಟರು. ಕಂದೀಲು. ಪೆಟ್ಟಿಗೆಯ ಒಂದು ಮಗ್ಗುಲು ಬಿಸಿಲಿಗೆ ಬಣ್ಣ ಹಾರಿ ಬೆಳ್ಳಗಾಗಿತ್ತು.

ಹಿಂದೆಯೇ ನಾದಿನಿ. ಅದೂ ಕಂದೀಲು. ಕಿಟಕಿಯಲ್ಲಿ ಝಾಲರು ಕಾಣುತ್ತಿತ್ತು. "ಅಂಗಿ ಬಿಟ್ಟೀನಿ ಅತ್ತಿಗಿ. ಕೂಸಿನ ಗೊಂಬಿಗೂ ಆಗ್ತದ."

ಅತ್ತೆ ಸೆರಗು ಸರಿಮಾಡಿಕೊಂಡು ನನಗಷ್ಟೇ ಕೇಳುವಂತೆ, "ಎರಡು ಮನಿ ಆದ್ವು, ಒಬ್ರೂ ಬಳಸಿಲ್ಲ" ಅಂದರು. ನಾಳೆಯಿಂದ ಬಸ್ಸಿಲ್ಲ, ಅಂಗಡಿಯಿಲ್ಲ, "ಇದು ಹೆಂಗ್ರಿ ನಡೀತದ" ಎಂದು ಕೇಳುವವರಿಲ್ಲ.

ಅಷ್ಟರಲ್ಲಿ ಮಲಪನಗುಡಿ ಮಾವ ಎದ್ದರು. ಅವರ ಕೈಯಲ್ಲೂ ಕಂದೀಲಿನ ಪೆಟ್ಟಿಗೆ! ಅವರಿಗೆ ನಾನು ಕೊಟ್ಟಿರಲೇ ಇಲ್ಲ.

"ಮೂಲಿ ಸ್ವಲ್ಪ ಇಲಿ ಕಡದೈತವಾ" ಎಂದರು ಸಂಕೋಚದಿಂದ, "ಒಳಗ ಸರಿ ಐತಿ."

ಮೂಲೆ ನೋಡಿದೆ. ಎರಡು ಪುಟ್ಟ ತಗ್ಗು. ನಾನು ಬಾಯಿ ತೆರೆಯುವ ಮೊದಲೇ ಮಗಳು ಪೆಟ್ಟಿಗೆ ಎಳೆದುಕೊಂಡು, ಹಳೇ ಗೆಳತಿ ಸಿಕ್ಕಂತೆ ಅದೇ ಮೂಲೆಗೆ ಹಲ್ಲು ಹಾಕಿದಳು. ಸರಿಯಾಗಿ ಕೂತವು.

"ಇಲಿ ಅಲ್ರಿ ಮಾವಾ, ನಿಮ್ಮ ಮೊಮ್ಮಗಳು" ಅಂದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. "ಅತ್ತೀ, ನಿಮ್ಮ ಟ್ರಂಕು ಮಲಪನಗುಡಿಗೆ ಯಾವಾಗ ಹೋಗಿತ್ರಿ?"

ಮನೆ ಹೆಂಚು ಹಾರುವಂತೆ ನಕ್ಕಿತು. "ಅಕ್ಕಾ, ನೀನೂನಾ!" ಎಂದು ಚಿಕ್ಕತ್ತೆ ಹೊಟ್ಟೆ ಹಿಡಿದುಕೊಂಡರು. ಅತ್ತೆಯ ಮುಖ ಕುಂಕುಮವಾಯಿತು. "ಒಳ್ಳೇ ವಸ್ತು ಅಂತ ಒಳ್ಳೇ ಕಾರ್ಯಕ್ಕ ಕೊಟ್ಟೆ. ಹಾಳು ವಸ್ತು ಯಾರರ ಅಣ್ಣಗ ಕೊಡ್ತಾರಾ?"

ನಗು ನಕ್ಕಿದ್ದೇ ಬಂತು. ಷರತ್ತಿನ ಪ್ರಕಾರ ಸೋತವಳು ನಾನೇ. ಒಂದು ಮನೆಯೂ ಬಳಸಿರಲಿಲ್ಲ. ಮರುದಿನ ನಾನು ಬಸ್ಸಿನ ಹೊತ್ತಿಗೆ ಪಾತ್ರೆ ತಿಕ್ಕುತ್ತಾ ಕೂತೆ. ಅತ್ತೆ ಹಲ್ಲಿನ ಗುರುತಿನ ಪೆಟ್ಟಿಗೆ ತಂದು, ತಾವೇ ಬಿಚ್ಚಿ, ಕಂದೀಲನ್ನು ಕಾಂಪೌಂಡಿನ ಮೇಲಿಟ್ಟು ಇಡೀ ದಿನ ಹಪ್ಪಳ ಕಾಯುವಂತೆ ಕಾದರು. ಸಂಜೆ ತುಳಸಿಕಟ್ಟೆಯ ಹತ್ತಿರ ಗುಂಡಿ ಒತ್ತಿದರು. ಅಂಗಳವೆಲ್ಲ ಬೆಳಕು. ಅತ್ತೆ ಅದರ ಕೆಳಗೆ ಶೇಂಗಾ ಸುಲಿಯುತ್ತಾ ಕೂತರು, ಮಗಳು ತನ್ನ ನೆರಳನ್ನು ಹಿಡಿಯಲು ಪುಟ್ಟ ಹೆಜ್ಜೆ ಹಾಕಿದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಆರನೇ ದಿನ ಬೆಳಿಗ್ಗೆ ಮಾವ ಮೆಲ್ಲಗೆ ಕೇಳಿದರು, "ದಿನಾ ಬಳಸೋ ಒಂದು ಮನಿ ಬೇಕಂದಿದ್ದಿ ಅಲ್ಲಾ? ಇದು ಯಾರ ಮನಿ?"

ಅತ್ತೆ ಅಡುಗೆಮನೆಗೆ ಹೋಗಿ ಬಂದು ನನ್ನ ಕೈಗೆ ಊಟದ ಡಬ್ಬಿ ಕೊಟ್ಟರು. "ನಿಂತು ಏನು ನೋಡ್ತಿ? ಬಸ್ಸು ಹೋಗ್ತದ, ಜಲ್ದಿ ನಡಿ."

ಕಣ್ಣು ಒರೆಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಅತ್ತೆಯ ದನಿ ಬಂತು.

"ಕೇಳಿಲ್ಲಿ, ಬರೋ ವಾರ ಸಂಡೂರಾಗ ಒಂದು ತೊಟ್ಲು ಕಾರ್ಯ ಐತಿ. ಕಂಪ್ಲಿ ಕಂದೀಲು ಹಂಗ ಐತಲ್ಲ, ಅದಕ್ಕ ಚೆಂದಂಗ ಕಾಗದ ಸುತ್ತಿಡು. ಪೆಟ್ಟಿಗಿ ಬಿಚ್ಚಬ್ಯಾಡ ಮತ್ತ."

"ಆಯ್ತ್ರಿ ಅತ್ತೀ" ಅಂದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆ ತೆಗೆದು, ಗುರುತಿಗಿರಲಿ ಎಂದು ಮೊದಲು ಮಗಳ ಕೈಗೆ ಕೊಟ್ಟೆ. ಅವಳಿಗೆ ಈಗ ಎಂಟು ಹಲ್ಲು.